ಪಾವಗಡದ ಮಕ್ಕಳು ತಮಗೆ ತಾವೇ ಕೊಟ್ಟುಕೊಂಡ ಮಾರ್ಕ್ಸು

ಮಧುಗಿರಿಯಲ್ಲಿ ನಮ್ಮಜ್ಜಿ ಹೇಳುತ್ತಿದ್ದರು, "ಬಲ್ಲೆ ಅಂತ ನೀನು ಅನ್ಬ್ಯಾಡ ಮಗಾ, ಊರೋರು ಅನ್ಲಿ." ಕಾನ್ವೆಂಟಿಗೆ ಸೇರಿದ ಮೇಲೆ ಆ ಮಾತು ಮರೆತೇಹೋಯಿತು. ಅಲ್ಲಿ ಕೈ ಎತ್ತಿ "ಐ ನೋ, ಸಿಸ್ಟರ್!" ಎಂದವಳಿಗೇ ಶಹಭಾಸ್. ಅಜ್ಜಿಯ ದನಿ ಮತ್ತೆ ಕಿವಿಗೆ ಬಿದ್ದದ್ದು ಮೊನ್ನೆ ಮೊನ್ನೆ, ನಾನು ರಿಟೈರ್ ಆಗಿ ಎಷ್ಟೋ ವರ್ಷಗಳಾದ ಮೇಲೆ.

ವಿದ್ಯಾರ್ಥಿಗಳು ನಿಜಕ್ಕೂ ಏನು ಕಲಿತಿದ್ದಾರೆ ಎಂದು ಅಳೆಯುವ ಕ್ರಮವೊಂದನ್ನು ರೂಪಿಸಲು ಯೂನಿವರ್ಸಿಟಿಯವರು ಕಮಿಟಿ ಮಾಡಿದ್ದರು. ಇಂಗ್ಲಿಷ್ ಪಾಠ ಹೇಳಿದ ಹಳೆಯ ತಲೆ ಎಂದು ನನ್ನನ್ನೂ ಸೇರಿಸಿಕೊಂಡರು. ಕೊನೆಗೆ ತಯಾರಾದದ್ದು ಒಂದು ಫಾರಂ: "ಇದನ್ನು ಬಲ್ಲೆ, ಅದನ್ನು ಬಲ್ಲೆ" ಎಂಬ ಸಾಲುಗಳ ಮುಂದೆ ಮಕ್ಕಳು ತಮಗೆ ತಾವೇ ಒಂದರಿಂದ ಐದರವರೆಗೆ ಮಾರ್ಕ್ಸ್ ಕೊಟ್ಟುಕೊಳ್ಳಬೇಕು. ಕಡಿಮೆ ಬಂದ ಕೋರ್ಸನ್ನು ಮುಂದಿನ ವರ್ಷ ಮುಚ್ಚಬೇಕು. ಪಾವಗಡದ ಕಾಲೇಜಿನಲ್ಲಿ ಆಪ್ಷನಲ್ ಇಂಗ್ಲಿಷ್ ನೆಲಕಚ್ಚಿತು.

ಯಾಕೆಂದು ನೋಡಲು ಹೋದೆ. ಕಾರಿಡಾರಿನಲ್ಲಿ ಆಂಧ್ರ ಗಡಿ ಕಡೆಯ ತಿರುಮಣಿಯ ಹುಡುಗಿಯೊಬ್ಬಳು ಕನ್ನಡ, ತೆಲುಗು ಬೆರೆಸಿ ಗೆಳತಿಯರಿಗೆ ಇಂಗ್ಲಿಷ್ ಪದ್ಯ ಬಿಡಿಸಿ ಹೇಳುತ್ತಿದ್ದಳು. ಬ್ಯೂಟಿಫುಲ್! ಆದರೆ "ಪದ್ಯವನ್ನು ವಿವರಿಸಬಲ್ಲೆ" ಎಂಬುದರ ಮುಂದೆ ಅವಳು ಹಾಕಿಕೊಂಡಿದ್ದು ಐದಕ್ಕೆ ಒಂದೇ ಒಂದು.

"ಯಾಕಮ್ಮ ಹಿಂಗ್ಮಾಡ್ದೆ?"

"ನಂಗ್ ಬತ್ತದೆ ಅಂತ ನಾನೇ ಹೆಂಗ್ ಹೇಳ್ಕಳ್ಳಾದು ಮೇಡಂ? ನಗಾಕಿಲ್ವಾ ಎಲ್ಲಾ?"

"ಕೋರ್ಸೇ ಮುಚ್ಚೋಗುತ್ತಲ್ಲೇ!"

ಅವಳ ಮುಖ ಬಾಡಿತು. ಗೆಳತಿಯರ ಕಡೆ ತಿರುಗಿ ಕೇಳಿದೆ, "ಪಾಠ ತಿಳೀದಿದ್ರೆ ಯಾರ್ ಹತ್ರ ಹೋಗ್ತೀರಿ?"

ಎಲ್ಲರ ಕೈಯೂ ಅವಳ ಕಡೆಗೇ. "ಇವ್ಳೊಬ್ಳು ಇಲ್ದಿದ್ರೆ ನಾವೆಲ್ಲಾ ಗೋವಿಂದಾನೇ ಮೇಡಂ!"

"ಊರ್ಕೋವೇ!" ಸುಮ್ಮನಿರೇ ಎಂದು ತೆಲುಗಿನಲ್ಲಿ ಗದರಿ ಅವಳು ವೇಲಿನಲ್ಲಿ ಮುಖ ಮುಚ್ಚಿಕೊಂಡಳು.

ಯಾರ ಹತ್ತಿರ ಹೋಗುತ್ತೀರಿ ಎಂಬ ಈ ಪ್ರಶ್ನೆಯನ್ನೇ ಫಾರಂನಲ್ಲಿ ಇಡಿ, ಮಕ್ಕಳು ಒಬ್ಬರಿಗೊಬ್ಬರು ಪಾಠ ಹೇಳುವುದನ್ನು ಕೂತು ಕೇಳಿ ಎಂದು ಕಮಿಟಿಯಲ್ಲಿ ವಾದಿಸಿದೆ. ಅಧ್ಯಕ್ಷರು ನಕ್ಕರು. "ಮೇಡಂ, ಟೆಂಪ್ಲೇಟಲ್ಲಿ ಅದಕ್ಕೆ ಜಾಗ ಇಲ್ಲ. ಎಲ್ರೂ ಐದು ಹಾಕ್ರಮ್ಮ ಅಂದ್ಬಿಡಿ, ಮುಗೀತು."

ಮೈಯುರಿಯಿತು. "ಸುಳ್ಳು ಹೇಳೋಕೆ ಟ್ರೈನಿಂಗ್ ಕೊಡ್ಲಾ? ನೋ, ಸರ್."

"ಹಾಗಾದ್ರೆ ಕೋರ್ಸ್ ಮುಚ್ಚಿ ಅಂತ ಇರೋ ರಿಪೋರ್ಟಿಗೇ ಸೈನ್ ಮಾಡಿ. ಎಲ್ಲಾ ಮೆಂಬರ್‌ಗಳ ಸಹಿ ಇಲ್ದೆ ಫೈಲ್ ಮುಂದಕ್ಕೆ ಹೋಗಲ್ಲ."

ಅಷ್ಟು ತಿಳಿದದ್ದೇ ಸಾಕಾಯಿತು. ಪೆನ್ನಿಗೆ ಕ್ಯಾಪ್ ಹಾಕಿ ಬ್ಯಾಗಿಗೆ ಸೇರಿಸಿದೆ.

ಸಹಿ ಹಾಕಿ ಎಂದು ಆಗಾಗ ಫೋನ್ ಬರುತ್ತದೆ. ಪೊಲೈಟಾಗಿಯೇ ಮಾತಾಡುತ್ತೇನೆ, ಸಿಸ್ಟರ್‌ಗಳು ಕಲಿಸಿದ್ದು ಎಲ್ಲಿ ಹೋಗುತ್ತದೆ? ಫೈಲು ಅಲ್ಲೇ ಕೂತಿದೆ. ಪಾವಗಡದಲ್ಲಿ ಪದ್ಯದ ಪಾಠ ನಡೆಯುತ್ತಲೇ ಇದೆ. ಪ್ರಶ್ನೆ ಬದಲಾಯಿಸಲಿ, ಆ ಕ್ಷಣವೇ ಸಹಿ ಹಾಕುತ್ತೇನೆ. ನನಗೇನು ಅವಸರ? ನಾನು ರಿಟೈರ್ಡ್.