ಬಿಚ್ಚದ ಜಡೆ

ಸೇವೆಗೆಂದು ವಿಮಾನದಲ್ಲಿ ಬಂದವರು ವಿಮಾನದಲ್ಲೇ ಹೊರಟುಹೋಗುತ್ತಾರೆ. ಇದು ಅನಾಥಾಲಯದ ಆಯಾಗೆ ಗೊತ್ತು, ಅಲ್ಲೇ ಬೆಳೆಯುತ್ತಿರುವ ಪುಟ್ಟಿಗೆ ಗೊತ್ತಿಲ್ಲ. ಹೊರದೇಶದ ಚರ್ಚಿನ ಯುವಜನರು ಗೋಡೆಗೆ ಬಣ್ಣ ಬಳಿದು, ಮಕ್ಕಳನ್ನು ಎತ್ತಿ ಮುದ್ದಾಡಿ, ಫೋಟೊ ತೆಗೆಸಿಕೊಂಡು, ಹೋದ ವಾರ ಹೊರಟರು. ಅವರಲ್ಲೊಬ್ಬ ಹುಡುಗಿ ಪುಟ್ಟಿಯ ತಲೆತುಂಬ ಸಣ್ಣ ಸಣ್ಣ ಜಡೆ ಹೆಣೆದು, ಮತ್ತೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದಳು.

"ತಲೆ ನಾರ್ತಿದೆ, ಬಾರೇ ತಾಯಿ, ಬಿಚ್ತೀನಿ," ಎಂದಳು ಆಯಾ.

"ಬೇಡ. ಆಮೇಲೆ ಅಕ್ಕಂಗೆ ನನ್ನ ಗುರುತು ಹೇಗೆ ಸಿಗತ್ತೆ?"

"ನಿಮ್ಮಕ್ಕ ಬರೋ ಹೊತ್ತಿಗೆ ಹೇನು ಮೊಮ್ಮಕ್ಕಳನ್ನ ಕಂಡಿರತ್ತೆ!"

ಪುಟ್ಟಿ ನಗದೆ ಗೇಟಿನತ್ತ ತಿರುಗಿದಳು. ಅವಳನ್ನು ಹಸುಗೂಸಿನಿಂದ ಸಾಕಿದ ಆಯಾ ಬಾಚಣಿಗೆ ಹಿಡಿದು ಹಿಂದೆಯೇ ನಿಂತಳು. ತನಗಾಗಿ ಯಾವ ಮಗುವೂ ಹೀಗೆ ಗೇಟು ಕಾದಿರಲಿಲ್ಲ.

ಹೀಗೆ ಮಾತು ಕೊಟ್ಟು ಊರಿಗೆ ಮರಳಿದವಳು ನಿಮ್ಮ ಮಗಳೇ ಆದರೆ, ಆ ಫೋಟೊಗಳನ್ನು ಚರ್ಚಿನಲ್ಲಿ ನಮಗೆ ತೋರಿಸಬೇಡಿ. ಅವಳನ್ನು ಮತ್ತೆ ಅಲ್ಲಿಗೆ ಕಳಿಸಿ.