ಬಲ್ಬಿನ ಜಾಗದಲ್ಲಿ ಇಟ್ಟ ಪೆಟ್ಟಿಗೆ

ಇದನ್ನು ಓದುವವರು ಮೊದಲು ಕ್ಷಮಿಸಬೇಕು. ಬರೆದವಳ ಅಕ್ಷರ ಚೆನ್ನಾಗಿಲ್ಲ, ಮಾತು ಜೋಡಿಸುವುದೂ ಅಷ್ಟಕ್ಕಷ್ಟೇ. ಅವಳು ಓದಿದ್ದು ಮಲಯಾಳಂ ಶಾಲೆಯಲ್ಲಿ, ಅದನ್ನೂ ನಡುವೆ ಬಿಟ್ಟವಳು. ಕನ್ನಡ ಅಕ್ಷರ ಕಲಿತದ್ದು ಶಿವನಂಜಪ್ಪನವರ ಮನೆಯ ವಿಡಿಯೋ ಕ್ಯಾಸೆಟ್ಟುಗಳ ಬೆನ್ನಿಗೆ ಅಂಟಿಸಿದ್ದ ಚೀಟಿಗಳನ್ನು ನೋಡಿ ನೋಡಿ. ತನ್ನ ವಿಷಯವನ್ನು ‘ನಾನು’ ಎಂದು ಬರೆಯಲು ಅವಳಿಗೆ ಕೈ ಬರಲಿಲ್ಲ. ಇಲ್ಲಿ ಬರುವ ಸುಕನ್ಯಾ ಎಂಬ ಹುಡುಗಿ ಅವಳೇ ಎಂದು ತಿಳಿದುಕೊಂಡರೆ ಸಾಕು. ಕಥೆ ಮಾತ್ರ ಶಿವನಂಜಪ್ಪನವರದು, ಅವರ ಹೆಂಡತಿ ಸಣ್ಣಮ್ಮನವರದು.

ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಗುಂಡ್ಲುಪೇಟೆ ಕಡೆಯಿಂದ ಬಂದ ಕನ್ನಡದವರ ಮನೆಗಳಲ್ಲಿ ಮದುವೆ ಎಂದರೆ, ಮೂವತ್ತು ವರ್ಷ, ಶಿವನಂಜಪ್ಪನವರ ವಿಡಿಯೋ ಇದ್ದೇ ಇರುತ್ತಿತ್ತು. ಹದಿನೆಂಟರ ವಯಸ್ಸಿನಲ್ಲಿ ಸೋದರಮಾವನ ಈರುಳ್ಳಿ ಲಾರಿಯಲ್ಲಿ ಕೂತು ಬಂದವರು ಅವರು. ಮಂಡಿಯ ಕೆಲಸ ಒಗ್ಗದೆ ಪಕ್ಕದ ಸ್ಟುಡಿಯೋ ಸೇರಿದರು, ಆಮೇಲೆ ತಮ್ಮದೇ ಒಂದನ್ನು ತೆರೆದರು. ಕ್ಯಾಮೆರಾ ಹೆಗಲ ಮೇಲೆ ಹೊತ್ತು ಅವರು ಮುಂದೆ. ದೊಡ್ಡ ಲೈಟನ್ನು ಎತ್ತಿ ಹಿಡಿದು ಸಣ್ಣಮ್ಮ ಹಿಂದೆ. ಲೈಟು ಹಿಡಿಯಲು ಹೆಂಡತಿಯನ್ನು ಕರೆದುಕೊಂಡು ಹೋಗುತ್ತಾನೆ ಎಂದು ಮೊದಮೊದಲು ಜನ ಆಡಿಕೊಂಡರು. ಆದರೆ ತಲೆ ತಗ್ಗಿಸಿ ಕೂತ ಮದುವಣಗಿತ್ತಿ ಗಂಡಸರ ಮಾತಿಗೆ ಮುಖ ಎತ್ತುತ್ತಿರಲಿಲ್ಲ. ಸಣ್ಣಮ್ಮ, “ಇತ್ಲಾಗ್ ನೋಡು ಕೂಸೆ, ಬೆಳಕೇನ್ ಕಚ್ಚಕಿಲ್ಲ” ಎಂದರೆ ಎತ್ತುತ್ತಿದ್ದಳು, ಅರ್ಧ ನಗುತ್ತ. ಆ ಮಾತು ಎಲ್ಲ ಟೇಪುಗಳಲ್ಲೂ ಇದೆ. ಸಣ್ಣಮ್ಮನ ಮುಖ ಒಂದರಲ್ಲೂ ಇಲ್ಲ.

ಎರಡು ವರ್ಷದ ಹಿಂದೆ ಸಣ್ಣಮ್ಮನಿಗೆ ಲಕ್ವ ಹೊಡೆಯಿತು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಯಂತ್ರಗಳ ನಡುವೆ ಮಲಗಿದ್ದು ಮನೆಗೆ ಬಂದರು. ಬಲಗೈ ಹೋಯಿತು, ಮಾತೂ ಹೋಯಿತು. ಸಂಜೆ ಹೊತ್ತು ಶಿವನಂಜಪ್ಪನವರು ಯಾವುದೋ ಹಳೆಯ ಮದುವೆಯ ಟೇಪು ಹಾಕುತ್ತಿದ್ದರು. ಟೀವಿಯೊಳಗಿಂದ ತನ್ನದೇ ದನಿ ಬಂದಾಗ ಸಣ್ಣಮ್ಮ ಎಡಗೈಯಿಂದ ಮಂಚದ ಪಟ್ಟಿಯನ್ನು ಎರಡು ಸಲ ತಟ್ಟುತ್ತಿದ್ದರು. ಅಷ್ಟೇ ಅವರ ಆ ದಿನದ ಮಾತು.

ಆದರೆ ವಯನಾಡಿನ ತೇವಕ್ಕೆ ಟೇಪು ಎಷ್ಟು ವರ್ಷ ಬಾಳೀತು? ಶಿವನಂಜಪ್ಪನವರು ಟೇಪಿನ ಬೀರುವಿನೊಳಗೆ ಹಗಲೂ ರಾತ್ರಿ ಒಂದು ಬಲ್ಬು ಉರಿಸಿ ಬೆಚ್ಚಗಿಟ್ಟಿದ್ದರು. ಸ್ಟುಡಿಯೋದವರೆಲ್ಲ ಮಾಡುವ ಕೆಲಸ ಅದು. ಆದರೂ ಬಿಳಿ ಬೂಷ್ಟು ಹಿಡಿಯಿತು. ಬೂಷ್ಟು ಹಿಡಿದ ಟೇಪು ಒಂದು ಸಲ ಓಡೀತು, ಎರಡನೆಯ ಸಲಕ್ಕೆ ಹರಿಯುತ್ತದೆ. ಹಾಗಾಗಿ ಕೊನೆಯ ಸಲ ಓಡುವಾಗಲೇ ಒಂದೊಂದನ್ನೂ ಕಂಪ್ಯೂಟರಿಗೆ ಇಳಿಸಿಕೊಂಡು, ಎಲ್ಲವನ್ನೂ ಮನೆಯಲ್ಲೇ ಸದಾ ಚಾಲೂ ಇರುವ ಒಂದು ಕಂಪ್ಯೂಟರ್ ಪೆಟ್ಟಿಗೆಯಲ್ಲಿ, ಅಂದರೆ ಸರ್ವರಿನಲ್ಲಿ, ಇಟ್ಟು ಸಣ್ಣಮ್ಮ ಬೇಕೆಂದಾಗ ಟೀವಿಯಲ್ಲಿ ನೋಡುವ ಹಾಗೆ ಮಾಡಬೇಕೆಂದು ಅವರು ನಿಶ್ಚಯಿಸಿದರು. ಇಳಿಸಿಯಾದ ಟೇಪಿನ ಕಪ್ಪು ಪಟ್ಟಿಯನ್ನು ಅವರು ಎಸೆಯಲಿಲ್ಲ. ಹತ್ತಿರದ ನೂಲ್ಪುಳದಲ್ಲಿ ಭತ್ತ ಬೆಳೆಯುವ ಕರಿಯನ್ ಅದನ್ನು ಒಯ್ದು ತನ್ನ ಗದ್ದೆಯ ಸುತ್ತ ಎಳೆದು ಕಟ್ಟಿದ. ಗಾಳಿಗೆ ಅದು ಗುಂಯ್‌ಗುಡುತ್ತದೆ, ಬಿಸಿಲಿಗೆ ಹೊಳೆಯುತ್ತದೆ, ಗಿಳಿಗಳು ಭತ್ತಕ್ಕೆ ಇಳಿಯುವುದಿಲ್ಲ.

ಸರ್ವರಿನ ಸಾಮಾನು ಆರಿಸುವ ಕೆಲಸ ಸುಕನ್ಯಾಳ ಪಾಲಿಗೆ ಬಂತು. ಅವಳದು ಅದೇ ಸಾಲಿನ ಪಕ್ಕದ ಮನೆ. ಹತ್ತನೇ ತರಗತಿಯ ನಂತರದ ಪ್ಲಸ್ ಒನ್‌ಗೆ ಆರು ತಿಂಗಳು ಹೋಗಿ, ಎದ್ದು ನಿಂತು ಉತ್ತರ ಹೇಳಲಾರದೆ, ಕೊನೆಗೆ ಹೋಗುವುದನ್ನೇ ಬಿಟ್ಟವಳು. ಈಗ ಒಂದು ವರ್ಷದಿಂದ ಪೇಟೆಯಲ್ಲಿ ರತೀಶನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಹಿಂದಿನ ಮೇಜಿನ ಕೆಲಸ. ಅಲ್ಲಿ ಯಾರೊಂದಿಗೂ ಮಾತಾಡಬೇಕಾಗಿರಲಿಲ್ಲ. ಸ್ಕ್ರೂ ಬಿಚ್ಚಿದ ಕ್ರಮದಲ್ಲೇ ಇಟ್ಟುಕೊಂಡು, ಅದೇ ಕ್ರಮದಲ್ಲಿ ಹಾಕಿದರೆ ಆಯಿತು.

ಅವಳು ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಮಾನಿಗೆ ಒಂದೊಂದು ಸಾಲಿನಂತೆ ಪಟ್ಟಿ ಬರೆದಳು. ಹೊಸ ಕಂಪ್ಯೂಟರ್ ಬೇಡ, ಯಾವುದೋ ಆಫೀಸಿನವರು ಮಾರಿದ ಸಣ್ಣ ಹಳೆಯದು ಸಾಕು, ಕರೆಂಟೂ ಕಡಿಮೆ ಕುಡಿಯುತ್ತದೆ. ಡಿಸ್ಕು ಮಾತ್ರ ಹಳೆಯದು ಕೂಡದು. ವರ್ಷವಿಡೀ ನಿಲ್ಲದೆ ತಿರುಗುವುದಕ್ಕೆಂದೇ ಮಾಡಿದ್ದು ಬೇಕು, ಅದೂ ಎರಡು. ಫ್ಯಾನು ದೊಡ್ಡದಾಗಿರಲಿ, ನಿಧಾನ ತಿರುಗಲಿ, ಆಗ ಸದ್ದಿರುವುದಿಲ್ಲ. ಗಾಳಿಯ ಕಿಂಡಿಗೆ ಸೊಳ್ಳೆ ಬಲೆ ಹಾಕಬೇಕು, ಇಲ್ಲವಾದರೆ ಬೆಚ್ಚಗಿದೆ ಎಂದು ಇರುವೆಗಳು ಮೊಟ್ಟೆ ತಂದು ಇಡುತ್ತವೆ. ಪೆಟ್ಟಿಗೆಯನ್ನು ಎಲ್ಲಿಡುವುದು ಎಂದು ಮೂರು ದಿನ ಯೋಚಿಸಿದಳು. ಅದನ್ನು ಶಿವನಂಜಪ್ಪನವರೇ ಬಿಡಿಸಿದರು. ಬೀರುವಿನ ಬಾಗಿಲ ಮೇಲ್ಭಾಗ ಕೊಯ್ದು ಜಾಲರಿ ಹಾಕಿಸಿ, ಬಲ್ಬು ತೆಗೆದು ಅದರ ಜಾಗದಲ್ಲಿ ಸರ್ವರನ್ನು ಇಟ್ಟರೆ, ಅದರ ಕಾವಿಗೇ ಉಳಿದ ಟೇಪುಗಳು ಬೆಚ್ಚಗಿರುತ್ತವಲ್ಲ ಎಂದರು.

ಪಟ್ಟಿಯ ಪ್ರತಿಯೊಂದು ಸಾಲನ್ನೂ ಅವರು ಕನ್ನಡಕ ಏರಿಸಿಕೊಂಡು ವಿಚಾರಿಸಿದರು. ಡಿಸ್ಕಿನ ಹತ್ತಿರ ಬೆರಳು ನಿಂತಿತು.

“ಇದ್ಯಾಕವ್ವ ಎರಡು?”

“ಒಂದ್ರಲ್ಲಿ ಬರೆದದ್ದೇ ಇನ್ನೊಂದ್ರಲ್ಲೂ ಇರ್ತದೆ ತಾತ. ಒಂದು ಕೆಟ್ರೆ ಇನ್ನೊಂದು.”

“ಗಂಡ ಹೆಂಡ್ತಿ ಇದ್ದಂಗೆ ಅನ್ನು.” ಅವರು ನಕ್ಕು ಮಂಚದ ಕಡೆ ನೋಡಿದರು. “ಇಬ್ರೂ ಒಟ್ಟಿಗೆ ಹೋಯ್ತೀವಿ ಅಂತ ಕೂತ್ರೆ?”

ಸುಕನ್ಯಾ ನೋಟ್‌ಬುಕ್ಕು ಮುಚ್ಚಿದಳು. ಆ ಪ್ರಶ್ನೆಗೆ ಉತ್ತರ ಪಟ್ಟಿಯ ಕೊನೆಯ ಸಾಲಿನಲ್ಲಿತ್ತು, ಅದನ್ನು ಅವಳು ಅದೇ ಬೆಳಿಗ್ಗೆ ಹೊಡೆದುಹಾಕಿದ್ದಳು. ಅದು ಯುಪಿಎಸ್. ಕರೆಂಟು ಹೋದಾಗ ಹತ್ತು ನಿಮಿಷ ತನ್ನ ಬ್ಯಾಟರಿಯಲ್ಲಿ ಪೆಟ್ಟಿಗೆಯನ್ನು ನಡೆಸಿ, ಬರೆಯುತ್ತಿದ್ದುದನ್ನು ಬರೆದು ಮುಗಿಸಲು ಬಿಟ್ಟು, ನೆಮ್ಮದಿಯಾಗಿ ಮಲಗಿಸುವ ಸಾಮಾನು. ಆದರೆ ಕರೆಂಟು ಹೋದ ಕೂಡಲೇ ಅದು ಬೀಪ್ ಬೀಪ್ ಎಂದು ಕೂಗುತ್ತದೆ. ಆಸ್ಪತ್ರೆಯ ಯಂತ್ರಗಳದೂ ಅದೇ ಸದ್ದು, ಅಲ್ಲಿಂದ ಬಂದ ಮೇಲೆ ಅದು ಕೇಳಿದರೆ ಸಣ್ಣಮ್ಮ ಎಡಗೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಒಮ್ಮೆ ಯಾರದೋ ಫೋನು ಹಾಗೆ ಕೂಗಿದ್ದಕ್ಕೆ ಅಂದು ಊಟವನ್ನೇ ಮಾಡಿರಲಿಲ್ಲ. ಬೀರು ಇದ್ದದ್ದು ಅವರ ಮಂಚದ ಪಕ್ಕದಲ್ಲಿ. ಮನೆಗೆ ಇನ್ವರ್ಟರ್ ಹೇಗೂ ಇದೆ, ಅಷ್ಟು ಸಾಕು ಎಂದು ಸುಕನ್ಯಾ ತನಗೆ ತಾನೇ ಹೇಳಿಕೊಂಡಳು. ಸದ್ದು ಬಾರದ ಯುಪಿಎಸ್ ಉಂಟೇ ಎಂದು ರತೀಶನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ಎರಡು ತಿಂಗಳಲ್ಲಿ ಇನ್ನೂರ ಹನ್ನೆರಡು ಮದುವೆಗಳು ಪೆಟ್ಟಿಗೆ ಸೇರಿದವು. ಚೀಟಿಯ ಮೇಲಿದ್ದ ಹೆಸರನ್ನೇ ಸುಕನ್ಯಾ ಒಂದಕ್ಷರ ಬಿಡದೆ ಫೈಲಿಗೂ ಕೊಟ್ಟಳು. ಸಣ್ಣಮ್ಮ ಸಂಜೆಗೆ ಎರಡು ಮೂರು ಮದುವೆ ನೋಡುತ್ತಿದ್ದರು. ಮಂಚದ ಪಟ್ಟಿಯ ಸದ್ದು ಸುಕನ್ಯಾಳ ಮನೆಗೂ ಕೇಳುತ್ತಿತ್ತು.

ಮಲಯಾಳಂ ಲೆಕ್ಕದ ತುಲಾ ತಿಂಗಳು, ಅಂದರೆ ಅಕ್ಟೋಬರಿನ ನಡು, ಬಂತು. ಆ ತಿಂಗಳಲ್ಲಿ ಇಲ್ಲಿ ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಗುಡುಗು. ಗುಡುಗು ಸಿಡಿಲು ಎರಡಕ್ಕೂ ಎಲ್ಲರೂ ಮಲಯಾಳಂ ಮಾತಿನಲ್ಲಿ ‘ಇಡಿ’ ಎಂದೇ ಅನ್ನುತ್ತಾರೆ. ಒಂದು ವರ್ಷ ಇಡಿ ಬಿದ್ದು ಶಿವನಂಜಪ್ಪನವರ ಎಡಿಟಿಂಗ್ ಯಂತ್ರ ಸುಟ್ಟುಹೋಗಿತ್ತು. ಅಂದಿನಿಂದ ಆ ಸಾಲಿನ ಐದು ಮನೆಗಳಲ್ಲೂ ಮೊದಲ ಗುಡುಗಿಗೇ ಎಲ್ಲ ಪ್ಲಗ್ಗು ಕೀಳುವುದು ರೂಢಿಯಾಯಿತು. ಏಳು ವರ್ಷದವಳಿದ್ದಾಗಿನಿಂದ ಆ ಕೆಲಸ ಸುಕನ್ಯಾಳದು. ಮನೆಯಿಂದ ಮನೆಗೆ ಓಡುವುದು, ಟೀವಿ, ಮಿಕ್ಸಿ, ಫ್ರಿಜ್ಜು ಎಂದು ಕಿತ್ತುಕೊಂಡು ಬರುವುದು, ಕೊನೆಗೆ ಶಿವನಂಜಪ್ಪನವರ ಕೈಯಿಂದ ಒಂದು ಕೊಬ್ಬರಿ ಮಿಠಾಯಿ ತಿನ್ನುವುದು. ಪೆಟ್ಟಿಗೆಯನ್ನು ಮಾತ್ರ ಮೊದಲು ಸರಿಯಾಗಿ ಆರಿಸಿ, ಆಮೇಲೆ ಪ್ಲಗ್ಗು ಕೀಳಬೇಕಿತ್ತು.

ಆ ಬುಧವಾರ ಶಿವನಂಜಪ್ಪನವರು ಟೇಪಿನ ಕಪ್ಪು ಪಟ್ಟಿ ಕೊಡಲು ಕರಿಯನ್‌ನ ಗದ್ದೆಗೆ ಹೋಗಿದ್ದರು. ಮಗ ಮಹದೇವಪ್ರಸಾದ್ ಪೇಟೆಯ ಸ್ಟುಡಿಯೋದಲ್ಲಿದ್ದ. ಮನೆಯಲ್ಲಿ ಸಣ್ಣಮ್ಮ, ಜೊತೆಗೆ ಅಂದು ಅಂಗಡಿಗೆ ಹೋಗದ ಸುಕನ್ಯಾ. ಇನ್ನೂರ ಹದಿಮೂರನೆಯ ಮದುವೆ ಇಳಿಯುತ್ತಿತ್ತು. ಮೂರು ಗಂಟೆಗೆ ತಲೆಯ ಮೇಲೆಯೇ ಎಂಬಂತೆ ಇಡಿ ಒಡೆಯಿತು. ಸುಕನ್ಯಾ ಎದ್ದಳು. ಟೀವಿ ಕಿತ್ತಳು, ಮಿಕ್ಸಿ ಕಿತ್ತಳು, ಫ್ರಿಜ್ಜು ಕಿತ್ತಳು, ಬೀರುವಿನ ಪಕ್ಕದ್ದನ್ನೂ ಕಿತ್ತಳು. ಪೆಟ್ಟಿಗೆಯ ಫ್ಯಾನು ನಿಧಾನವಾಗಿ ನಿಂತಾಗಲೇ ಕೈಯಲ್ಲಿರುವುದು ಸರ್ವರಿನ ಪ್ಲಗ್ಗು ಎಂದು ಅವಳು ನೋಡಿದ್ದು.

ಅದಾಗಿ ಹತ್ತು ನಿಮಿಷಕ್ಕೆ ಎರಡನೆಯ ಇಡಿ ಹಿಂದಿನ ತೋಟದ ಸಿಲ್ವರ್ ಓಕ್ ಮರವನ್ನು ಸೀಳಿತು. ಪೆಟ್ಟಿಗೆಯ ಪ್ಲಗ್ಗು ಆಗ ಗೋಡೆಯಲ್ಲಿರಲಿಲ್ಲ. ಮಳೆ ನಿಂತ ಮೇಲೆ ಅವಳು ಮತ್ತೆ ಹಾಕಿದಳು. ಎರಡು ಡಿಸ್ಕೂ ತಿರುಗಿದವು, ಆದರೆ ಮದುವೆಗಳ ಪಟ್ಟಿ ತೆರೆಯಲಿಲ್ಲ. ಎಲ್ಲ ಅಳಿಸಿ ಹೊಸದಾಗಿ ಶುರುಮಾಡಲೇ ಎಂದು ಪರದೆ ಕೇಳಿತು. ಅವಳು ಏನನ್ನೂ ಒತ್ತದೆ ಆರಿಸಿಬಿಟ್ಟಳು.

ಶಿವನಂಜಪ್ಪನವರು ಸೀಳಿದ ಮರವನ್ನು ನೋಡಿಕೊಂಡೇ ಒಳಗೆ ಬಂದರು. ಸುಕನ್ಯಾಳ ಮುಖ ನೋಡಿದರು, ಆರಿದ ಪೆಟ್ಟಿಗೆ ನೋಡಿದರು.

“ಇಡಿ ಹೊಡೀತಾ ಕೂಸೆ, ಇದ್ಕೂ?”

ಸುಕನ್ಯಾ ಹೌದೆಂದು ತಲೆಯಾಡಿಸಿದಳು.

ಅವಳು ಮಾಡಿದ ತಪ್ಪು ಪ್ಲಗ್ಗು ಕಿತ್ತದ್ದಲ್ಲ, ಈ ತಲೆಯಾಡಿಸಿದ್ದು. ಏಕೆಂದರೆ ಶಿವನಂಜಪ್ಪನವರು ಅದನ್ನು ನಂಬಿದರು, ಒಂದು ಮಾತೂ ಬೈಯಲಿಲ್ಲ. ಈ ಕೂಸು ಎರಡು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿತ್ತು, ದೇವರು ಉಳಿಸಿಕೊಡಲಿಲ್ಲ ಎಂದು ಬಂದವರಿಗೆಲ್ಲ ಹೇಳಿದರು. ಸಿಡಿಲು ಹೊಡೆದ ಮರವನ್ನು ಮನೆಗೆ ಬಳಸುವುದಿಲ್ಲ, ಸಿಡಿಲು ಹೊಡೆದ ಸಾಮಾನೂ ಮನೆಯೊಳಗೆ ಬೇಡ ಎಂದು ಪೆಟ್ಟಿಗೆಯನ್ನು ಡಿಸ್ಕುಗಳ ಸಮೇತ ಜಗಲಿಯ ಮೂಲೆಗೆ ಇಡಿಸಿದರು. ಭಾನುವಾರ ಆಕ್ರಿಯವನು ಹಳೇ ಸಾಮಾನಿಗೆ ಬರುತ್ತಾನೆ, ಕೊಟ್ಟುಬಿಡುವುದು ಎಂದರು. ಬೀರುವಿನಲ್ಲಿ ಮತ್ತೆ ಬಲ್ಬು ಹತ್ತಿತು.

ಮರುದಿನ ಅಂಗಡಿಯಲ್ಲಿ ರತೀಶ ಕೇಳಿದಾಗಲೂ ಇಡಿ ಎಂದೇ ಬಾಯಿಗೆ ಬಂತು. ಹಾಗಾದರೆ ಬೋರ್ಡೇ ಸುಟ್ಟಿರುತ್ತದೆ, ಬಿಚ್ಚಿ ನೋಡಿ ಪ್ರಯೋಜನವಿಲ್ಲ ಮೋಳೇ ಎಂದು ಮಗಳಿಗೆ ಹೇಳುವ ಹಾಗೆ ಹೇಳಿದ. ಬರೀ ಕರೆಂಟು ಹೋಗಿ ಕೆಟ್ಟಿದ್ದರೆ ಬೇರೆ ಮಾತು, ಫೈಲುಗಳ ಪಟ್ಟಿ ಹಾಳಾದರೂ ಒಳಗಿನದು ಹೆಚ್ಚಿನದೆಲ್ಲ ಸಿಕ್ಕೀತು ಎಂದೂ ಸೇರಿಸಿದ. ಹಾಗೆನ್ನುತ್ತಲೇ ಯಾರಿಗೋ ಕೊಡಬೇಕಿದ್ದ ಯುಪಿಎಸ್ಸಿನ ಗುಂಡಿಯನ್ನು ಒತ್ತಿ ಹಿಡಿದ. ಅದು ಕೂಗುವುದನ್ನು ನಿಲ್ಲಿಸಿತು. ಅಷ್ಟೇ ಕೆಲಸ. ಒಂದು ವರ್ಷ ಅದೇ ಮೇಜಿನ ಹಿಂದೆ ಕೂತವಳಿಗೆ ಅದು ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತು ಸಣ್ಣಮ್ಮನಿಗೆ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಿನ್ನಿಸಿ, ಅಲ್ಲೇ ಕೂತು ತಾನೂ ಉಣ್ಣುವುದು ಸುಕನ್ಯಾಳ ರೂಢಿ. ನಿಜ ಬಚ್ಚಿಟ್ಟುಕೊಂಡೇ ಗುರುವಾರ ಉಂಡಳು, ಶುಕ್ರವಾರವೂ ಶನಿವಾರವೂ ಉಂಡಳು. ಸಂಜೆ ಶಿವನಂಜಪ್ಪನವರು ಟೀವಿಯಲ್ಲಿ ಧಾರಾವಾಹಿ ಹಾಕಿದರೆ ಸಣ್ಣಮ್ಮ ಗೋಡೆಯ ಕಡೆ ಹೊರಳುತ್ತಿದ್ದರು. ಮಂಚದ ಪಟ್ಟಿಯ ಸದ್ದು ಕೇಳಲಿಲ್ಲ. ಹೇಳಿದರೆ ಕೆಲಸ ಕೆಡಿಸಿದವಳಾಗುತ್ತೇನೆ. ಹೇಳದಿದ್ದರೆ ಆಕ್ರಿಯವನ ಗಾಡಿಯಲ್ಲಿ ಇನ್ನೂರ ಹನ್ನೆರಡು ಮದುವೆ ಹೋಗುತ್ತವೆ, ಮತ್ತೆ ಇಳಿಸೋಣವೆಂದರೆ ಟೇಪು ಕರಿಯನ್‌ನ ಗದ್ದೆಯಲ್ಲಿ ಗಿಳಿ ಓಡಿಸುತ್ತಿದೆ. ಇಷ್ಟನ್ನು ಅವಳು ಮೂರು ದಿನ ತಿರುಗಿಸಿ ತಿರುಗಿಸಿ ಯೋಚಿಸಿದಳು.

ಶನಿವಾರ ಸಂಜೆ ಹೋದಳು. ಶಿವನಂಜಪ್ಪನವರು ಮಂಚದ ತುದಿಯಲ್ಲಿ ಕೂತು ಸಣ್ಣಮ್ಮನ ಕಾಲು ಒತ್ತುತ್ತಿದ್ದರು. ಹೊರಗೆ ಇರಚಲು ಜಗಲಿಗೆ ಹೊಡೆಯುತ್ತಿತ್ತು. ಸುಕನ್ಯಾ ಬಾಗಿಲ ದಾರಂದ ಹಿಡಿದುಕೊಂಡು ನಿಂತಳು.

“ಇಡಿ ಹೊಡೀಲಿಲ್ಲ ತಾತ. ನಾನು ಪ್ಲಗ್ ಕಿತ್ತೆ. ಟೇಪ್ ಇಳೀತಿತ್ತು, ಮರ್ತು ಕಿತ್ತೆ.”

ಕಾಲು ಒತ್ತುತ್ತಿದ್ದ ಕೈ ನಿಂತಿತು. ಅವಳು ಯುಪಿಎಸ್ಸಿನ ಸಾಲು ಹೊಡೆದುಹಾಕಿದ್ದನ್ನೂ ಹೇಳಿದಳು, ಯಾಕೆಂದೂ ಹೇಳಿದಳು. ಸಣ್ಣಮ್ಮನ ಮುಖ ನೋಡಲಿಲ್ಲ.

ಶಿವನಂಜಪ್ಪನವರು ಹೆಂಡತಿಯ ಕಾಲಿನ ಮೇಲೆ ಹೊದಿಕೆ ಎಳೆದರು. ಆಮೇಲೆ, “ಪ್ಲಗ್ ಕೀಳದು ನಿಂಗೆ ಕಲ್ಸಿದ್ದೇ ನಾನು. ಮಿಠಾಯಿ ಕೊಟ್ಟು ಕಲ್ಸಿದ್ದು. ಅದಕ್ಕೇನ್ ಅನ್ನನ, ಬುಡು” ಎಂದರು. “ಆದ್ರೆ ಇವಳು ಗೋಡೆ ಕಡೆ ಮುಖ ಮಾಡ್ಕಂಡು ಮಲ್ಗದ ನೀನೂ ನೋಡ್ತಿದ್ದೆಯಲ್ಲವ್ವ. ನೋಡ್ಕಂಡು ಹೆಂಗ್ ಸುಮ್ಕಿದ್ದೆ?”

ಸುಕನ್ಯಾ ದಾರಂದ ಬಿಟ್ಟು ಒಳಗೆ ಒಂದು ಹೆಜ್ಜೆ ಇಟ್ಟಳು.

ಆಗ ಮಂಚದ ಪಟ್ಟಿಯ ಮೇಲೆ ಎರಡು ಸಲ ಸದ್ದಾಯಿತು. ಸಣ್ಣಮ್ಮ ಎಡಗೈ ಎತ್ತಿ ಜಗಲಿಯ ಕಡೆ ತೋರಿಸುತ್ತಿದ್ದರು. ಇರಚಲು ಪೆಟ್ಟಿಗೆಯ ಹತ್ತಿರಕ್ಕೆ ಬಂದಿತ್ತು. ಶಿವನಂಜಪ್ಪನವರು ಎದ್ದು ಹೋಗಿ, ಹೆಗಲ ಮೇಲಿನ ಟವಲಿನಲ್ಲಿ ಅದನ್ನು ಸುತ್ತಿ ಒಳಗೆ ತಂದು ಸುಕನ್ಯಾಳ ಕೈಗೆ ಕೊಟ್ಟರು.

ಇದನ್ನು ಬರೆಯುತ್ತಿರುವುದು ಭಾನುವಾರ, ಡಿಸ್ಕಿನ ಒಳಗೆ ಎಷ್ಟು ಉಳಿದಿದೆಯೋ ಇನ್ನೂ ಗೊತ್ತಿಲ್ಲ. ಎಲ್ಲವೂ ಸಿಕ್ಕರೂ ಆ ಮೂರು ದಿನದ ಊಟ ಅವಳ ಲೆಕ್ಕದಿಂದ ಹೋಗುವುದಿಲ್ಲ. ಸೋಮವಾರ ಅಂಗಡಿ ತೆರೆದ ಕೂಡಲೇ ಸುಕನ್ಯಾ ರತೀಶನಿಗೆ ನಿಜ ಹೇಳುತ್ತಾಳೆ. ಕೆಟ್ಟ ಡಿಸ್ಕುಗಳ ಮೇಲೆ ಒಂದಕ್ಷರವೂ ಬರೆಯದೆ, ಒಂದನ್ನು ಪೂರ್ತಿಯಾಗಿ ಹೊಸ ಡಿಸ್ಕಿಗೆ ನಕಲು ಮಾಡಿಕೊಂಡು, ಆ ನಕಲಿನಲ್ಲಿ ಮದುವೆಗಳನ್ನು ಹುಡುಕುತ್ತಾಳೆ. ಸಾಮಾನಿನ ಪಟ್ಟಿಯನ್ನು ಹೊಸ ಪುಟದಲ್ಲಿ ಬರೆದು, ಯುಪಿಎಸ್ಸನ್ನು ಮೊದಲ ಸಾಲಿಗೆ ಹಾಕುತ್ತಾಳೆ.