ರೊಟ್ಟಿ ಬಡಿಯುವ ಅತ್ತೆಯೂ ಎರಡನೇ ಪರೀಕ್ಷೆಯೂ

ಅತ್ತೆಯ ಬಲಗೈ ಎಡಗೈಗಿಂತ ದಪ್ಪಗಿತ್ತು. ಅಂಗೈಯ ಗೆರೆಗಳೆಲ್ಲ ಸವೆದು ಚರ್ಮ ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ಗಟ್ಟಿಯಾಗಿತ್ತು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿ ಹಾಕುತ್ತಿದ್ದಳು. ಅದೇ ಕೈಯಲ್ಲಿ ಕಪಾಳಕ್ಕೆ ಬಾರಿಸಿದರೆ ಕಿವಿಯೊಳಗಿನ ಗುಂಯ್ ಸದ್ದು ಮಧ್ಯಾಹ್ನದವರೆಗೂ ನಿಲ್ಲುತ್ತಿರಲಿಲ್ಲ. ಇದನ್ನು ನಾನು ಕೇಳಿ ಬರೆಯುತ್ತಿಲ್ಲ, ತಿಂದು ಬರೆಯುತ್ತಿದ್ದೇನೆ.

ಅವಳು ಅಪ್ಪನ ಅಕ್ಕ. ದಾವಣಗೆರೆ ಕಡೆಯಿಂದ ಬಂದು, ಮಾರೇನಹಳ್ಳಿಯ ನಮ್ಮ ಮನೆಯ ಕೆಳಗಿನ ಕಾರ್ ಶೆಡ್ಡಿನಲ್ಲಿ ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದಳು. ವಿಜಯನಗರದ ಖಾನಾವಳಿಗಳಿಗೂ ಮದುವೆ ಮನೆಗಳಿಗೂ ಅವಳದೇ ರೊಟ್ಟಿ. ಗಂಡ ದಿನಾ ಹೊಡೆಯುತ್ತಿದ್ದನಂತೆ. ಒಂದು ದಿನ ಅವನ ಕೈಯಲ್ಲಿದ್ದ ಬಾರುಕೋಲನ್ನೇ ಕಿತ್ತುಕೊಂಡು, ಅವನು ನೆಲಕ್ಕೆ ಬೀಳುವವರೆಗೆ ಬಾರಿಸಿ, ಉಟ್ಟ ಸೀರೆಯಲ್ಲೇ ಬೆಂಗಳೂರಿನ ಬಸ್ಸು ಹತ್ತಿದ್ದಳು. ಬೆಳ್ಳುಳ್ಳಿ ಸುಲಿಯುತ್ತ ಇದನ್ನು ಹೇಳುವಾಗ ಅವಳ ಮುಖದಲ್ಲಿ ನಾಚಿಕೆಯೂ ಇರುತ್ತಿರಲಿಲ್ಲ, ಜಂಬವೂ ಇರುತ್ತಿರಲಿಲ್ಲ.

ಶೆಡ್ಡಿನಲ್ಲಿ ಕೆಲಸಕ್ಕಿದ್ದ ಹೆಂಗಸೊಬ್ಬಳ ಗಂಡ ಒಮ್ಮೆ ಕುಡಿದು ಬಂದು, ಅವಳ ಜುಟ್ಟು ಹಿಡಿದು ರಸ್ತೆಗೆ ಎಳೆದ. ಜೋಳದ ಹಿಟ್ಟು ನಾದಲು ಕುದಿಯುವ ನೀರೇ ಬೇಕು. ಒಲೆಯ ಮೇಲೆ ಎಸರಿತ್ತು. ಅತ್ತೆ ಅದನ್ನು ಪಾತ್ರೆ ಸಮೇತ ಎತ್ತಿ ತಂದು ಅವನ ಕಾಲ ಮೇಲೆ ಸುರಿದಳು. ಅವನು ಅರಚುತ್ತ ಓಡಿದ. ಅತ್ತೆ ಒಳಗೆ ಹೋಗಿ ಮತ್ತೆ ಎಸರಿಟ್ಟಳು.

ಇಷ್ಟಕ್ಕೇ ಅವಳನ್ನು ದೇವತೆ ಅಂದುಕೊಳ್ಳಬೇಡಿ. ರೊಟ್ಟಿಯ ಅಂಚು ದಪ್ಪಗಾದರೆ ಅದೇ ಹೆಂಗಸಿನ ಬೆನ್ನಿಗೆ ಗುದ್ದುತ್ತಿದ್ದವಳೂ ಇವಳೇ. ತಟ್ಟೆಯಲ್ಲಿ ಅನ್ನ ಬಿಟ್ಟರೆ ನನಗೆ ಬೀಳುತ್ತಿತ್ತು. ನನಗೆ ಅವಳೆಂದರೆ ಹೆದರಿಕೆ. ಇಷ್ಟವೂ ಇತ್ತು, ಆದರೆ ಹೆದರಿಕೆ ಜಾಸ್ತಿ.

ಅಪ್ಪನ ಹೊಡೆತ ಬೇರೆ ಥರ. ನಾಯಂಡಹಳ್ಳಿಯಲ್ಲಿ ಅವನದು ಪೈಪ್ ಅಂಗಡಿ. ಅಲ್ಲಿಂದ ತಂದ ಒಂದು ತುಂಡು ಪಿವಿಸಿ ಪೈಪು ಫ್ರಿಜ್ಜಿನ ಮೇಲೆ ಇರುತ್ತಿತ್ತು. ಅವನು ಅದಕ್ಕೆ ಕೈ ಹಾಕಿದ ಕೂಡಲೇ ಅಮ್ಮ ಎದ್ದು ಹೋಗಿ ಕಿಟಕಿಗಳನ್ನು ಮುಚ್ಚಿ ಬರುತ್ತಿದ್ದಳು. ಪಕ್ಕದ ಮನೆಯವರಿಗೆ ಕೇಳಿಸಬಾರದು, ಅಷ್ಟೇ.

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದಾಗ ನಾನು ಚೆನ್ನಾಗಿಯೇ ಪಾಸಾಗಿದ್ದೆ. ಮೈಸೂರು ರಸ್ತೆ ಕಡೆಯ ಕಾಲೇಜೊಂದರಲ್ಲಿ ಬಿಎಸ್ಸಿ ಭೂವಿಜ್ಞಾನಕ್ಕೆ ಸೀಟೂ ಸಿಕ್ಕಿತು. ಕಲ್ಲು, ಮಣ್ಣು ಎಂದರೆ ನನಗೆ ಮೊದಲಿನಿಂದಲೂ ಹುಚ್ಚು. ಅಪ್ಪ ಮಾತ್ರ ಕಲ್ಲು ಕಾಯೋ ಓದು ಎಂದು ಮುಖ ಸಿಂಡರಿಸಿದ. ಆಮೇಲೆ ಯಾರೋ ಅವನ ಕಿವಿಗೆ ಹಾಕಿದರು: ಪಿಯುಸಿಯದೇ ಎರಡನೇ ಪರೀಕ್ಷೆ ಇದೆ, ಎಕ್ಸಾಮ್ ಟು, ಅದನ್ನು ಬರೆಸಿ, ಕಡ್ಡಾಯವೇನಿಲ್ಲ, ಜಾಸ್ತಿ ಬಂದರೆ ಅದನ್ನೇ ಇಟ್ಟುಕೊಳ್ಳುತ್ತಾರೆ, ಕಡಿಮೆ ಬಂದರೆ ಹಳೆಯದೇ ಇರುತ್ತದೆ, ಕಳೆದುಕೊಳ್ಳುವುದು ಏನೂ ಇಲ್ಲ. ದಾವಣಗೆರೆಯ ದೊಡ್ಡಪ್ಪನ ಮಗ ನನಗಿಂತ ಮುಂದಿದ್ದದ್ದು ಅಪ್ಪನ ಹೊಟ್ಟೆಯಲ್ಲಿ ಮೊದಲೇ ಉರಿಯುತ್ತಿತ್ತು. ನನ್ನಿಂದ ಸಿಇಟಿಯನ್ನೂ ಬರೆಸಿದ್ದ, ಪಿಯುಸಿ ಅಂಕ ಏರಿ ಅದರ ರ‍್ಯಾಂಕು ಮೇಲೆ ಬಂದರೆ ಇಂಜಿನಿಯರಿಂಗಿಗೆ ತಳ್ಳುವ ಲೆಕ್ಕ ಅವನದು.

ಕೇಳುವವರಿಗೆ ನ್ಯಾಯವಾದ ಮಾತೇ. ಆದರೆ ನನಗೆ ಗೊತ್ತಿತ್ತು. ಅಂಕ ಜಾಸ್ತಿ ಬಂದರೆ ಸಿಕ್ಕ ಸೀಟು ಬಿಡಬೇಕು, ಕಡಿಮೆ ಬಂದರೆ ಪೈಪು ಕೆಳಗಿಳಿಯುತ್ತದೆ. ಓದುತ್ತಿಲ್ಲವೆಂದು ಎರಡು ದಿನ ಅದು ಇಳಿದೂ ಆಗಿತ್ತು. ಕಾಲಿನ ಬಾಸುಂಡೆಗಳಿಂದ ಕೂರಲಾಗದೆ ನಿಂತುಕೊಂಡೇ ಫಿಸಿಕ್ಸ್ ಓದುತ್ತಿದ್ದೆ. ಬರೆದು ಬಿಸಾಕೋಣ, ಮನೆಯಲ್ಲಿ ಶಾಂತಿಯಾದರೂ ಇರುತ್ತದೆ ಎಂದು ತೀರ್ಮಾನಿಸಿ ಶೆಡ್ಡಿಗೆ ಇಳಿದು ಅತ್ತೆಗೆ ಹೇಳಿದೆ.

ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಿನಗ ಬೇಕೇನು ಆ ಪರೀಕ್ಷೆ?"

ಬೇಡ, ಆದರೆ ಬರೆದರೆ ಹೊಡೆತ ತಪ್ಪುತ್ತದೆ ಎಂದೆ.

ಕೈಯಲ್ಲಿದ್ದ ಹಿಟ್ಟನ್ನು ಅವಳು ಗೋಡೆಗೆ ಎಸೆದಳು. ಅದು ಅಲ್ಲೇ ಅಂಟಿಕೊಂಡಿತು. "ಹೊಡ್ತ ತಪ್ಪಿಸ್ಕೊಳ್ಳಾಕ ಪರೀಕ್ಷೆ ಬರದೋಳು ನಾಳೆ ಮದುವಿನೂ ಅದಕ್ಕ ಆಗ್ತಾಳ. ನಾನು ಆಗಿದ್ದು ಅದಕ್ಕ, ನಮ್ಮಪ್ಪನ ಕೈ ತಪ್ಪಿಸ್ಕೊಳ್ಳಾಕ. ಬ್ಯಾಡ ಅಂದ್ರ ಬ್ಯಾಡ ಅಂತ ಅವನ ಮುಂದ ಹೇಳು. ನಾ ಹೇಳಂಗಿಲ್ಲ. ನಿನ್ ಬಾಯಿಂದ ಬರಬೇಕು."

ಅಷ್ಟರಲ್ಲಿ ಅಪ್ಪ ಊಟಕ್ಕೆಂದು ಅಂಗಡಿಯಿಂದ ಬಂದ. ಶೆಡ್ಡಿನಲ್ಲಿ ನನ್ನನ್ನು ಕಂಡು, ಓದೋದು ಬಿಟ್ಟು ಇಲ್ಲೇನು ಎಂದ. ಬರೆಯಲ್ಲ ಅಪ್ಪ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಅವನು ನನ್ನ ಜಡೆ ಹಿಡಿದು ತಲೆಯನ್ನು ಹಿಟ್ಟಿನ ಡಬ್ಬಕ್ಕೆ ಬಡಿದ. ಹುಬ್ಬು ಒಡೆದು ರಕ್ತ ಕಣ್ಣಿಗಿಳಿಯಿತು. ಎರಡನೇ ಸಲ ಬಡಿಯಲು ಹೋದಾಗ ಅತ್ತೆ ಒಲೆಯ ಮೇಲಿದ್ದ ಹಂಚನ್ನು ಇಕ್ಕಳದಿಂದ ಎಳೆದು ಅವನ ಮೊಣಕೈ ಕೆಳಗೆ ಒತ್ತಿದಳು. ಚರ್ಮ ಸುಟ್ಟ ವಾಸನೆ ಬಂತು. ಅಪ್ಪ ಕಿರುಚಿ ನನ್ನ ಜಡೆ ಬಿಟ್ಟ. ಬಿಟ್ಟ ಮೇಲೂ ಅವಳು ಹಂಚು ತೆಗೆಯಲಿಲ್ಲ. ಕೆಲಸದ ಹೆಂಗಸರು ಹಿಡಿದು ಎಳೆಯಬೇಕಾಯಿತು. ಆ ಕ್ಷಣ ಅವಳ ಮುಖ ನೋಡಿ ನನಗೆ ಅಪ್ಪನಿಗಿಂತ ಅವಳ ಭಯವೇ ಹೆಚ್ಚಾಯಿತು. ಅದರ ಬಗ್ಗೆ ಈಗಲೂ ಸುಳ್ಳು ಹೇಳಲಾರೆ.

ನನಗೆ ಹುಬ್ಬಿಗೆ ಹೊಲಿಗೆ ಬಿತ್ತು, ಅಪ್ಪನಿಗೆ ತಿಂಗಳುಗಟ್ಟಲೆ ಬ್ಯಾಂಡೇಜು. ಪರೀಕ್ಷೆಯ ದಿನ ಬಂತು, ಹೋಯಿತು. ನಾನು ಬರೆಯಲಿಲ್ಲ. ಕಾಲೇಜು ಶುರುವಾಗುವುದನ್ನೇ ಕಾಯುತ್ತಿದ್ದೆ.

ಮನೆ ಅಪ್ಪನದು, ಶೆಡ್ಡೂ ಅಪ್ಪನದು. ಅವನು ಅತ್ತೆಯ ಪಾತ್ರೆಗಳನ್ನೆಲ್ಲ ರಸ್ತೆಗೆ ಎಸೆದ. ಅವಳು ಒಂದೊಂದೇ ಆರಿಸಿ ಆಟೋಗೆ ತುಂಬಿದಳು. ಇಷ್ಟೆಲ್ಲ ನನ್ನಿಂದಾಯಿತು ಎಂದು ನಾನು ಅತ್ತಾಗ, "ಬಾಯಿ ಮುಚ್ಚು, ಕಾಲೇಜಿಗೆ ಹೋಗು" ಎಂದಳು. ನಾಯಂಡಹಳ್ಳಿಯ ಒಂದು ವರ್ಕ್‌ಶಾಪಿನ ಹಿಂದೆ ಸಣ್ಣ ಕೋಣೆ ಹಿಡಿದು ಅಲ್ಲೇ ರೊಟ್ಟಿ ಬಡಿದಳು. ಕೆಲಸದ ಹೆಂಗಸರು ಅಷ್ಟು ದೂರ ಹೋಗಲಿಲ್ಲ. ನಾನು ಕಾಲೇಜಿನಿಂದ ಬರುವಾಗ ಇಳಿದು ಹಿಟ್ಟು ನಾದಿಕೊಡುತ್ತಿದ್ದೆ. ಅಲ್ಲೂ ಬೈಯುತ್ತಿದ್ದಳು, ಅಲ್ಲೂ ಒಮ್ಮೊಮ್ಮೆ ಬೀಳುತ್ತಿತ್ತು. ನಾನು ಎರಡನೇ ವರ್ಷದಲ್ಲಿದ್ದಾಗ ಒಂದು ಬೆಳಿಗ್ಗೆ ಒಲೆಯ ಮುಂದೆಯೇ ಕುಸಿದು ಹೋದಳು.

ಮಣ್ಣಿಗೆ ಅಪ್ಪ ಬಂದ. ಅವಳನ್ನು ಕುಳ್ಳಿರಿಸಿದ ಗುಂಡಿಯೊಳಗೆ ವಿಭೂತಿ ಹಾಕುವಾಗ ದನಿ ತೆಗೆದು ಅತ್ತ. ಎಲ್ಲರೂ ಕೈಕಾಲು ತೊಳೆದು ಹೊರಡುವಾಗ, ಅವನು ಕಣ್ಣು ಒರೆಸಿಕೊಂಡು ನನ್ನ ಪಕ್ಕ ಬಂದು ನಿಂತ. ಸರ್ಕಾರಿ ಗುಮಾಸ್ತರ ಪರೀಕ್ಷೆಗೆ ಕರೆದಿದ್ದಾರಂತೆ, ಪಿಯುಸಿ ಇದ್ದರೆ ಸಾಕಂತೆ, ಓದಿನ ಜೊತೆಗೆ ಅದನ್ನೂ ಬರೆದುಬಿಡು, ಕಳೆದುಕೊಳ್ಳುವುದು ಏನಿದೆ ಎಂದ.

"ಬರೆಯಲ್ಲ ಅಪ್ಪ."

ನೆಂಟರೆಲ್ಲರ ಎದುರೇ ಹೊಡೆದ. ಅಡ್ಡ ಬರುವವರು ಯಾರೂ ಇರಲಿಲ್ಲ. ನಾನು ಹಿಂದೆ ಸರಿಯಲಿಲ್ಲ, ಅವನ ಮುಖವನ್ನೇ ನೋಡುತ್ತ ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ.

ಅಪ್ಪ ಮತ್ತೆ ಕೈ ಎತ್ತಲಿಲ್ಲ.